ಲಾರಿಗೆ ಬಂದ ಜ್ವರ

ಗಂಡ ಹೋದ ಮೇಲೆ ನನ್ನ ಪಾಲಿಗೆ ಉಳಿದದ್ದು ಒಂದು ಲಾರಿ, ಒಬ್ಬ ಮೈದುನ. ಇಬ್ಬರೂ ಬೇಗ ಬಿಸಿಯಾಗುತ್ತಾರೆ. (ಲಾರಿಗಾದರೂ ಮುಚ್ಚಳ ಇದೆ.)

ನಾನು ನಾಲ್ಕನೆಯ ಇಯತ್ತೆ ಓದಿದವಳು. ಇಂಜಿನ್ನು ನನಗೆ ತಿಳಿಯುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ, ಯಜಮಾನರು ನಮ್ಮೂರು ಇಜೇರಿಯಿಂದ ಹೊರಡುವಾಗ ರೇಡಿಯೇಟರಿಗೆ ಕೊಡ ನೀರು ತಂದುಕೊಟ್ಟವಳು ನಾನೇ. ಒಂದು ದಿನ ಕುದಿಯಲಿಲ್ಲ. ಅವರು ಲಿಂಗೈಕ್ಯರಾಗಿ ತಿಂಗಳು ತುಂಬಿರಲಿಲ್ಲ, ಕುದಿಯತೊಡಗಿತು. ಜೇವರ್ಗಿ ಮುಟ್ಟುವುದರೊಳಗೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ, ಇಂಜಿನ್ ತಂಪಿಡುವ ಹಸಿರು ಕೂಲಂಟು ರಸ್ತೆಗೆ. ಲಾರಿಗೂ ದುಃಖ ಅಂದುಕೊಂಡೆ.

ಮೈದುನ ಗುರಣ್ಣನಿಗೆ ಹಾಗನ್ನಿಸಲಿಲ್ಲ. ಲಾರಿಯ ಕಾಗದ ಇಬ್ಬರು ಅಣ್ಣತಮ್ಮಂದಿರ ಹೆಸರಿನಲ್ಲಿತ್ತು.

"ವೈನಿ, ಇಂಜಿನ್ನಿನ ಹೆಡ್ ಹೋಗ್ಯಾದ. ಐತವಾರ ಗುಜರಿಯವ ಬರ್ತಾನ, ಕೊಟ್ಟಬಿಡೂನು."

"ನಿನ್ನ ಹೆಡ್ ಹೋಗಿ ಹತ್ತ ವರ್ಷ ಆತು. ನಿನ್ನ ಗುಜರಿಗೆ ಹಾಕೀವೇನು?"

"ಐತವಾರದೊಳಗ ರಿಪೇರಿ ಮಾಡಿಸ್ರಿ. ಇಲ್ಲಂದ್ರ ನಾ ಕೇಳಂಗಿಲ್ಲ."

ಸೀಟಿನಲ್ಲಿ ಯಜಮಾನರು ಕೂತ ತಗ್ಗು ಇನ್ನೂ ಇದೆ. ಗುಜರಿಯವನಿಗೆ ಅದು ಹರಿದ ರೆಗ್ಜಿನ್ನು.

ಇನ್ನೊಂದು ಮಾತು ಹೇಳಬೇಕು. ಅವರ ದಿವಸಕ್ಕೆ ಮಾಡಿಸಿದ ಶ್ರದ್ಧಾಂಜಲಿಯ ಫ್ಲೆಕ್ಸನ್ನು ನಾನೇ ಲಾರಿಯ ಮುಂಭಾಗಕ್ಕೆ ತಂತಿಯಿಂದ ಬಿಗಿದಿದ್ದೆ. ಊರಬಾಗಿಲ ಅಗಸಿಯಲ್ಲಿ ಕಟ್ಟಿದರೆ ಆಡು ತಿನ್ನುತ್ತದೆ. ಮುಟ್ಟಿದವನ ಕೈ ಮುರಿಯುತ್ತೇನೆ ಅಂದಿದ್ದೆ. ಇಂಜಿನ್ ಶುರುವಾದ ಕೂಡಲೇ ಫ್ಲೆಕ್ಸಿನಲ್ಲಿ ಅವರ ಎರಡೂ ಗಲ್ಲ ಒಳಕ್ಕೆ ಹೋಗುತ್ತಿದ್ದವು. ದವಾಖಾನೆಯಲ್ಲಿ ಕೊನೆಯ ವಾರ ಹಾಗೇ ಇದ್ದವು. ನಾನು ನೋಡಲಾರದೆ ಮನೆಯೊಳಗೆ ಹೋಗಿಬಿಡುತ್ತಿದ್ದೆ.

ಡ್ರೈವರ್ ಖಮರನನ್ನು ಹಿಡಿದೆ.

"ಕೂಲಂಟ್ ಎಲ್ಲಿ ಹೊಂಟದ, ಖರೇ ಹೇಳು. ಮಾರ್ಕೊಂಡಿಯೇನು?"

"ಕುದ್ದು ಚೆಲ್ಲಾಕತ್ತದ ಅಕ್ಕೋರ. ನಾ ಏನ್ ಕುಡೀತೇನೇನ್ರಿ?"

"ಕುಡದ್ರೂ ಕುಡೀತಿ."

ಅವನು ಲಾರಿಯ ಮುಖ ನೋಡಿದ, ನನ್ನ ಕೈ ನೋಡಿದ, ಕೊಡ ಎತ್ತಿಕೊಂಡು ನೀರಿಗೆ ಹೋದ.

ಶನಿವಾರ ಜೇವರ್ಗಿಯಿಂದ ಮಿಸ್ತ್ರಿ ಲಾಡ್ಲೆಸಾಬ ಬಂದ. ಪೈಪುಗಳನ್ನು ಒತ್ತಿ ನೋಡಿದ, ಎಲ್ಲೂ ಹನಿ ಇಲ್ಲ. ಆಯಿಲಿನ ಕಡ್ಡಿ ಎಳೆದು ತೋರಿಸಿದ.

"ಹೆಡ್ ಹೋಗಿದ್ರ ಆಯಿಲ್ ಹಾಲ ಹಾಕಿದ ಚಾದಂಗ ಆಗ್ತಿತ್ರಿ. ಇದು ಕರೀದೇ ಅದ."

ಆಮೇಲೆ ಇಂಜಿನ್ನಿನಿಂದ ಒಂದು ಹಿತ್ತಾಳೆಯ ಬಿಲ್ಲೆ ಬಿಚ್ಚಿದ. ಅದು ಥರ್ಮೋಸ್ಟಾಟಂತೆ. ಬಿಸಿಯಾದರೆ ಬಾಯಿ ಬಿಟ್ಟು ನೀರು ಬಿಡಬೇಕು. "ಚಾ ಬೋಗುಣಿ ಕೊಡ್ರಿ" ಅಂದ. ನನ್ನ ಒಲೆಯ ಮೇಲೆ ಅದನ್ನು ಕುದಿಸಿದೆವು. ಬಾಯಿ ಬಿಟ್ಟಿತು. (ಮರುದಿನ ಅದೇ ಬೋಗುಣಿಯಲ್ಲಿ ಗುರಣ್ಣನಿಗೆ ಚಹಾ ಮಾಡಿದೆ.) ಮುಚ್ಚಳ ಸರಿ, ಪಂಪು ಸರಿ, ಫ್ಯಾನೂ ಸರಿ. ಲಾಡ್ಲೆಸಾಬ ಲಾರಿಯ ಎದುರಿಗೆ ಕಲ್ಲಿನ ಮೇಲೆ ಕುಳಿತು ಗಡ್ಡ ಕೆರೆದುಕೊಂಡ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಇದಕ್ಕ ಉಸರಾಡಾಕ ಜಾಗಾ ಇಲ್ಲ."

"ಯಾಕ?"

ಅವನು ನೆಲ ನೋಡಿದ. "ರೇಡಿಯೇಟರ್ ತಂಪಾಗಾಕ ಗಾಳಿ ಮುಂದಿಂದ ಬರಬೇಕ್ರಿ. ಮುಂದ ಅಣ್ಣಾರು ನಿಂತಾರ."

ಪಕ್ಕದಲ್ಲಿ ನಿಂತಿದ್ದ ಖಮರ ಕೆಮ್ಮಿದ.

"ನನಗ ಮೊದಲನೇ ದಿನಾನೇ ಗೊತ್ತಿತ್ರಿ."

"ಮತ್ತ ಬಾಯಾಗ ಏನ್ ಇಟ್ಕೊಂಡಿದ್ದಿ?"

"ಕೈ ಮುರೀತೇನಿ ಅಂದಿದ್ರಿ. ಸ್ಟೇರಿಂಗ್ ಯಾರ್ ಹಿಡೀಬೇಕ್ರಿ?"

ಲಾರಿಯ ಉಸಿರು ಕಟ್ಟಿಸಿದವಳು ನಾನೇ. ಕಳ್ಳ ಅನ್ನಿಸಿಕೊಂಡವನು ಅವನು. ತಂತಿ ಬಿಚ್ಚಲು ಯಾರೂ ಮುಂದೆ ಬರಲಿಲ್ಲ. ನಾನೇ ಬಿಚ್ಚಿದೆ. ಫ್ಲೆಕ್ಸಿನ ಹಿಂದುಗಡೆ ಅವರ ಬೆನ್ನು ಇರಬೇಕಾದ ಜಾಗದಲ್ಲಿ ರೇಡಿಯೇಟರಿನ ಜಾಲರಿಯ ಅಚ್ಚು ಬಿದ್ದಿತ್ತು. ಖಮರ ಜೇವರ್ಗಿಗೆ ಹೋಗಿ ಬಂದ. ಮುಳ್ಳು ನಡುವೆಯೇ ನಿಂತಿತ್ತು.

ಐತವಾರ ಗುರಣ್ಣ ಬಂದ, ಚಹಾ ಕುಡಿದ, ಲಾರಿ ನೋಡಿದ, ಗುಜರಿಯವನನ್ನು ಹಾಗೇ ವಾಪಸು ಕರೆದುಕೊಂಡು ಹೋದ.

ಸೋಮವಾರ ತೊಗರಿ ತುಂಬಿದರು. ಫ್ಲೆಕ್ಸನ್ನು ಈ ಸಲ ಲಾರಿಯ ಹಿಂದೆ ಕಟ್ಟಿದೆ. ಯಜಮಾನರು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೊರಟ ಮೇಲೆ ತಿರುಗಿ ನೋಡಿದವರಲ್ಲ. ಈಗ ನನ್ನನ್ನೇ ನೋಡುತ್ತ ಹೊರಟರು. ಗಲ್ಲ ತುಂಬಿಕೊಂಡಿದ್ದವು. ನಾನು ಕೈ ಎತ್ತಿ ಬೀಸಿದೆ.

ಖಮರ ಕನ್ನಡಿಯಲ್ಲಿ ನೋಡಿ ಲಾರಿ ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನ್ರಿ ಅಕ್ಕೋರ, ಏನರೆ ಮರತೀರೇನು?"

"ನಿನಗಲ್ಲ, ನಡಿ" ಅಂದೆ.