ಜವಳಿ ಅಂಗಡಿಯ ಅಟ್ಟದಲ್ಲಿ ಗಣಿತ

ಗಣಿತದಲ್ಲಿ ನಗುವುದಕ್ಕೆ ಏನುಂಟು ಎಂದು ಕೇಳುವವರು ಮೂರು ಮಂದಿ ಸೇರಿ ಪರೀಕ್ಷೆಗೆ ಗಣಿತ ಓದುವುದನ್ನು ಹತ್ತಿರದಿಂದ ಕಂಡವರಲ್ಲ. ಒಬ್ಬರೇ ಓದಿದರೆ ಅಳು ಬರುತ್ತದೆ, ಅದು ನಿಜ. ಮೂವರಾದರೆ ವಾರಕ್ಕೊಂದು ಪ್ರಸಂಗ ಗ್ಯಾರಂಟಿ.

ತೊಂಬತ್ತರ ದಶಕದ ಕೊನೆ. ಬಿ.ಎಸ್ಸಿ. ಕೊನೆಯ ವರ್ಷ. ಕಾಲೇಜಿನಲ್ಲಿ ನಮ್ಮನ್ನು ಕರೆಯುತ್ತಿದ್ದದ್ದು ಊರಿನ ಹೆಸರಿನಿಂದಲೇ. ನಾನು ಬೆಳ್ತಂಗಡಿ, ನನ್ನ ಗೆಳತಿ ಮೂಡುಬಿದಿರೆ, ಇನ್ನೊಬ್ಬ ಕನ್ಯಾನ. ಮೂಡುಬಿದಿರೆ ತರಗತಿಗೇ ಮೊದಲು. ನಾನು ನಡುವೆ ಎಲ್ಲೋ ಒಂದು ಕಡೆ. ಕನ್ಯಾನ ನಮಗಿಂತ ಒಂದು ವರ್ಷ ದೊಡ್ಡವನು. ರಿಯಲ್ ಅನಾಲಿಸಿಸ್ ಎಂಬ ಒಂದೇ ಪೇಪರಿನಲ್ಲಿ ಎರಡು ಸಲ ಬಿದ್ದು ನಮ್ಮ ಪಾಲಿಗೆ ಉಳಿದಿದ್ದ. ಅವನಿಗೆ ಲೆಕ್ಕದ ಮಾಷ್ಟ್ರಾಗಬೇಕು, ಬೇರೇನೂ ಬೇಡ. ದುಬೈಯಲ್ಲಿದ್ದ ಅಣ್ಣ ಮಾತ್ರ "ಈ ಸಲವೂ ಹೋದ್ರೆ ವೀಸಾ ಕಳಿಸ್ತೇನೆ, ಬಂದು ನನ್ನ ಜೊತೆ ಸೂಪರ್ ಮಾರ್ಕೆಟಿನಲ್ಲಿ ನಿಲ್ಲು" ಎಂದು ಫೋನಿನಲ್ಲಿ ಹೇಳಿಯಾಗಿತ್ತು. ಆದ್ದರಿಂದ ಅವನನ್ನು ದಡ ಮುಟ್ಟಿಸುವ ಕೆಲಸ ನಮ್ಮಿಬ್ಬರ ತಲೆಗೆ ಬಂತು.

ಅವನಿದ್ದದ್ದು ಪುಂಜಾಲಕಟ್ಟೆಯಲ್ಲಿ, ಸೋದರಮಾವನ ಮನೆಯಲ್ಲಿ. ಪ್ರತಿ ಭಾನುವಾರ ಆ ಮಾವನ ಜವಳಿ ಅಂಗಡಿಯ ಅಟ್ಟದಲ್ಲಿ, ಸೀರೆಯ ಕಟ್ಟುಗಳ ನಡುವೆ ನಮ್ಮ ಕಂಬೈಂಡ್ ಸ್ಟಡಿ. ನನ್ನ ಮನೆಮಾತು ತುಳು, ಅವಳದು ಕೊಂಕಣಿ, ಅವನದು ಬ್ಯಾರಿ. ಹರಟೆಗೆ ತುಳು ಸಾಕಾಗುತ್ತಿತ್ತು, ಲೆಕ್ಕಕ್ಕೆ ಶಾಲೆಯಲ್ಲಿ ಕಲಿತ ಕನ್ನಡವೇ ಆಗಬೇಕು.

ಗ್ರೂಪಿನ ಅಧ್ಯಕ್ಷ

ಮೊದಲ ಭಾನುವಾರ ಗ್ರೂಪ್ ಥಿಯರಿ ಹಿಡಿದೆವು. "ಇದು ಗ್ರೂಪ್ ಹೌದು", "ಅಲ್ಲವೇ ಅಲ್ಲ", "ಇವನು ಗ್ರೂಪಿನೊಳಗೇ ಇಲ್ಲ" ಎಂದು ಜೋರುಜೋರಾಗಿ ಜಗಳವಾಡುತ್ತಿದ್ದಾಗ ಏಣಿಯ ತುದಿಯಲ್ಲಿ ಮೊದಲು ಮಾವನ ಟೊಪ್ಪಿ, ಆಮೇಲೆ ಗಾಬರಿಯ ಮುಖ ಕಾಣಿಸಿತು.

"ಮಕ್ಕಳೇ, ಓದ್ಲಿಕ್ಕೆ ಅಂತ ಜಾಗ ಕೊಟ್ಟದ್ದು. ಈ ಗ್ರೂಪ್ ಗೀಪ್ ಎಲ್ಲ ನನ್ನ ಅಂಗಡಿಯಲ್ಲಿ ಬೇಡ."

"ಮಾಮ, ಇದು ಲೆಕ್ಕದ ಗ್ರೂಪ್," ಎಂದ ಕನ್ಯಾನ.

"ಯಾವುದರದ್ದಾದ್ರೂ ಒಬ್ಬ ಅಧ್ಯಕ್ಷ ಇರ್ತಾನಲ್ಲ. ಯಾರವ?"

ಕನ್ಯಾನ ಪ್ರಾಮಾಣಿಕವಾಗಿ ಯೋಚಿಸಿದ. "ಅಧ್ಯಕ್ಷ ಅಂತ ಇಲ್ಲ. ಐಡೆಂಟಿಟಿ ಅಂತ ಒಬ್ಬ ಇದ್ದಾನೆ. ಅವನಿಲ್ಲದೆ ಗ್ರೂಪೇ ಇಲ್ಲ. ಆದ್ರೆ ಅವನು ಯಾರ ಜೊತೆ ಸೇರಿದ್ರೂ ಏನೂ ಬದಲಾಗುವುದಿಲ್ಲ."

"ಮತ್ತೆ ಇಲ್ಲ ಅಂತ ಯಾಕೆ ಹೇಳಿದ್ದು ಮಾರಾಯ?" ಎಂದರು ಮಾವ. "ಅಧ್ಯಕ್ಷ ಅವನೇ!"

ಫಂಕ್ಷನ್ ಯಾವಾಗ?

ಮಾವನ ಕಿವಿ ಚುರುಕು. ಕೆಳಗೆ ಬಟ್ಟೆ ಅಳೆಯುತ್ತಲೇ ಮೇಲಿನದ್ದೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಮೂಡುಬಿದಿರೆ ಲಿಮಿಟ್ ವಿವರಿಸುತ್ತಿದ್ದಳು. "ನೋಡು, ಎಡದಿಂದ ಬಂದವರೂ ಬಲದಿಂದ ಬಂದವರೂ ಒಂದೇ ಕಡೆ ಸೇರಬೇಕು. ಇಲ್ಲದಿದ್ರೆ ಫಂಕ್ಷನ್ ಅಲ್ಲೇ ತುಂಡಾಗ್ತದೆ."

ಸ್ವಲ್ಪ ಹೊತ್ತಿನಲ್ಲಿ ಮಾವ ಕಂಕುಳಲ್ಲಿ ನಾಲ್ಕು ರೇಷ್ಮೆ ಸೀರೆ ಹಿಡಿದುಕೊಂಡು ಏಣಿ ಹತ್ತಿ ಬಂದರು. "ಸರಿಯಾದ ಮಾತು. ಎರಡೂ ಕಡೆಯವರು ಒಪ್ಪದಿದ್ರೆ ಫಂಕ್ಷನ್ ಹಾಳೇ. ಯಾರ ಮನೆಯಲ್ಲಿ? ಜವಳಿ ತೆಗೆದಾಯ್ತಾ?"

"ಇದು ಕಂಟಿನ್ಯುವಸ್ ಫಂಕ್ಷನ್, ಮಾಮ," ಎಂದು ಕನ್ಯಾನ ತಿಳಿಹೇಳಿದ. "ಅಂದ್ರೆ ನಡುವೆ ಎಲ್ಲಿಯೂ ನಿಲ್ಲುವುದಿಲ್ಲ, ಹೋಗ್ತಾ ಇರ್ತದೆ."

ಮಾವ ನಾಲ್ಕು ಸೀರೆಗಳನ್ನು ನೋಡಿ ತಲೆ ಕೆರೆದುಕೊಂಡರು. "ಹಾಗಾದ್ರೆ ಇದು ಸಾಕಾಗ್ಲಿಕ್ಕಿಲ್ಲ."

ಎರಡರ ನಡುವೆ ಇನ್ನೊಂದು

ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿದರೆ ಪುಂಜಾಲಕಟ್ಟೆಯವರೆಗೆ ನಿಂತೇ ಪ್ರಯಾಣ. ಅಲ್ಲೂ ಮೂಡುಬಿದಿರೆ ಬಿಡುವವಳಲ್ಲ. "ಎರಡು ಸಂಖ್ಯೆಗಳು ಎಷ್ಟೇ ಹತ್ತಿರ ಇದ್ರೂ ನಡುವೆ ಇನ್ನೊಂದು ಸಂಖ್ಯೆಗೆ ಜಾಗ ಇದ್ದೇ ಇರ್ತದೆ. ಪ್ರೂಫ್ ಹೇಳು."

ನನಗೆ ಎಲ್ಲಿಯ ಪ್ರೂಫ್? ಬೆವರು ಒರೆಸಿಕೊಳ್ಳಲು ಕೈ ಎತ್ತುವಷ್ಟೂ ಜಾಗವಿರಲಿಲ್ಲ. ಹಿಂದೆ ನಿಂತು ಕೇಳುತ್ತಿದ್ದ ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಎಂದು ಎಲ್ಲರನ್ನೂ ಮುಂದಕ್ಕೆ ತಳ್ಳಿ, ಎರಡು ಕೋಳಿ ಹಿಡಿದಿದ್ದ ಒಬ್ಬ ಅಕ್ಕನನ್ನು ನಮ್ಮಿಬ್ಬರ ನಡುವೆ ನಿಲ್ಲಿಸಿದ.

"ಆಯ್ತಲ್ಲ ಪ್ರೂಫ್," ಎಂದ. "ಕೋಳಿ ಬೇರೆ ಫ್ರೀ."

ಉಂಟು

ಎಲ್ಲ ಸರಿ, ಕನ್ಯಾನನಿಗೆ ಎಪ್ಸಿಲಾನ್-ಡೆಲ್ಟಾ ಮಾತ್ರ ಹತ್ತಲಿಲ್ಲ. ಎರಡು ಸಲ ಅವನನ್ನು ಬೀಳಿಸಿದ್ದು ಅದೇ. ಎಪ್ಸಿಲಾನ್ ಎಂಬ ಸಂಖ್ಯೆ ಎಷ್ಟೇ ಸಣ್ಣದು ಕೊಟ್ಟರೂ ಅದಕ್ಕೆ ತಕ್ಕ ಡೆಲ್ಟಾ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ: ಇಷ್ಟೇ ವಿಷಯ. ಅವನು ಬಾಯಿಪಾಠ ಮಾಡುತ್ತಿದ್ದ, ಮರೆಯುತ್ತಿದ್ದ, ತಲೆ ಚಚ್ಚಿಕೊಳ್ಳುತ್ತಿದ್ದ.

ಕೊನೆಯ ಭಾನುವಾರ ಮೂಡುಬಿದಿರೆ ಪುಸ್ತಕ ಮುಚ್ಚಿದಳು. "ನೀನು ಅಂಗಡಿಯವ, ನಾನು ಗಿರಾಕಿ. ನಾನು ಯಾವ ಸೀರೆ ತಂದ್ರೂ ಮ್ಯಾಚಿಂಗ್ ಬ್ಲೌಸ್ ಪೀಸ್ ನಿನ್ನಲ್ಲಿ ಇರಬೇಕು. ಸೀರೆ ಎಪ್ಸಿಲಾನ್, ಬ್ಲೌಸ್ ಪೀಸ್ ಡೆಲ್ಟಾ. ಈ ಎಪ್ಸಿಲಾನಿಗೆ ಡೆಲ್ಟಾ ಉಂಟಾ?"

"ಉಂಟು," ಎಂದ ಕನ್ಯಾನ.

"ಇನ್ನೂ ಸಣ್ಣದಕ್ಕೆ?"

"ಅದಕ್ಕೂ ಉಂಟು!" ಅವನ ಮುಖ ಅರಳಿತು. ಆ ಸಂಜೆ ಅವನು ಹದಿನಾಲ್ಕು ಲೆಕ್ಕ ಮಾಡಿದ, ಪ್ರತಿಯೊಂದಕ್ಕೂ "ಉಂಟು, ಉಂಟು" ಎಂದು ಕೂಗುತ್ತ.

ಪರೀಕ್ಷೆ ಮುಗಿಸಿ ಹೊರಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ದೇರ್ ಎಕ್ಸಿಸ್ಟ್ಸ್ ಅಂತ ಬರೆಯುವಲ್ಲೆಲ್ಲ ಉಂಟು ಅಂತ ಬರ್ದಿದ್ದೇನೆ."

"ಕನ್ನಡದಲ್ಲಾ?"

"ಇಂಗ್ಲಿಷಿನಲ್ಲಿ. ಯು, ಎನ್, ಟಿ, ಯು. ಬೆಲ್ ಹೊಡೆದ ಮೇಲೆ ಕಂಡದ್ದು."

ಮೂಡುಬಿದಿರೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತಳು. "ನಾನೇ ಹಾಳು ಮಾಡಿದ್ದು." ಅವಳನ್ನು ಸಮಾಧಾನ ಮಾಡಿದವನು ಅವನೇ. "ಅರ್ಥ ಆಯ್ತಲ್ಲ, ಅದು ಸಾಕು," ಎಂದ. ಆದರೆ ಮರುವಾರವೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದ. ಫಲಿತಾಂಶದವರೆಗೆ ನಾವು ಮೂವರೂ ಸರಿಯಾಗಿ ಊಟ ಮಾಡಿದ್ದು ನೆನಪಿಲ್ಲ.

ಫಲಿತಾಂಶದ ದಿನ ನೋಟಿಸ್ ಬೋರ್ಡಿಗೆ ಪಟ್ಟಿ ಇನ್ನೂ ಬಂದಿರಲಿಲ್ಲ. ಕೇಳಿ ಬರುವ ಎಂದು ಸ್ಟಾಫ್ ರೂಮಿನ ಬಾಗಿಲಿಗೆ ಹೋದರೆ ಒಳಗೆ ನಗು. ವ್ಯಾಲ್ಯುಯೇಷನ್ ಮುಗಿಸಿ ಬಂದ ನಮ್ಮ ಗಣಿತದ ಸಾರ್ ಉಳಿದವರಿಗೆ ಕಥೆ ಹೇಳುತ್ತಿದ್ದರು.

"ನನ್ನ ಪಕ್ಕದಲ್ಲಿದ್ದವರು ಹೊರ ರಾಜ್ಯದವರು, ಹೊಸದಾಗಿ ಸೇರಿದವರು. ಒಂದು ಪೇಪರ್ ಹಿಡ್ಕೊಂಡು ತಲೆಬಿಸಿ ಮಾಡ್ತಿದ್ರು. ‘ಸಾರ್, ಪ್ರತಿ ಪುಟದಲ್ಲೂ ಉಂಟು ಡೆಲ್ಟಾ, ಉಂಟು ಡೆಲ್ಟಾ ಅಂತ ಬರೆದಿದೆಯಲ್ಲ, ಈ ಉಂಟು ಎನ್ನುವ ಗಣಿತಜ್ಞ ಯಾವ ದೇಶದವರು?’ ನಾನು ಹೇಳಿದೆ, ‘ದೇಶ ಅಲ್ಲ ಸಾರ್, ನಮ್ಮ ಜಿಲ್ಲೆಯವರೇ.’"

ಒಳಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊರಗೆ ನಾವು ಬಾಗಿಲಿಗೆ ಕಿವಿ ಹಚ್ಚಿದೆವು.

"ಮತ್ತೆ ಅರ್ಥ ಹೇಳಿದೆ. ಅವರು ಮೊದಲಿನಿಂದ ಓದಿದ್ರು. ಪ್ರೂಫ್‌ನಲ್ಲಿ ಒಂದು ತಪ್ಪಿಲ್ಲ. ಅರವತ್ತರ ಮೇಲೆ ಅಂಕ ಬಂತು. ಯಾರದ್ದೋ, ಪಾಪ. ಆ ಹುಡುಗ ಎಲ್ಲಿದ್ದಾನೋ ಏನೋ!"

ಕನ್ಯಾನ ಗೋಡೆ ಹಿಡಿದುಕೊಂಡ. ಕಣ್ಣಲ್ಲಿ ನೀರು. ಮೂಡುಬಿದಿರೆ ಅವನ ಕೈಯನ್ನು ಹಿಡಿದು ಮೇಲೆತ್ತಿ, ತರಗತಿಗೇ ಮೊದಲಿನವಳು, ವ್ಯಾಕರಣವನ್ನೆಲ್ಲ ಮರೆತು ಬಾಗಿಲಿನಿಂದಲೇ ಕೂಗಿದಳು:

"ಇಲ್ಲೇ ಉಂಟು, ಸಾರ್!"