ಚಿಗವ್ವನ ಮೊಣಕೈ

ನಮ್ಮ ಚಿಗವ್ವ ಅಂಗೈ ಇಲ್ಲದೆ ಸಂಬಂಧ ನಿಭಾಯಿಸಿದವಳು! ಹಾಗಂತ ಕೈ ಕಳೆದುಕೊಂಡವಳಲ್ಲ, ಎರಡೂ ಗಟ್ಟಿಮುಟ್ಟಾಗಿದ್ದವು. ಆದರೆ ಮನುಷ್ಯರ ಪಾಲಿಗೆ ಅವಳು ಮೀಸಲಿಟ್ಟಿದ್ದು ಮೊಣಕೈ ಮಾತ್ರ.

ರಾಯಚೂರಿನ ಕಡೆಯಿಂದ ಕೂಲಿ ಹುಡುಕಿಕೊಂಡು ಬ್ಯಾಡಗಿಗೆ ಬಂದವರು ನಾವು. ಮೆಣಸಿನಕಾಯಿ ಮಾರುಕಟ್ಟೆಯ ಹಿಂದೆ ತಗಡಿನ ಮನೆ. ಓಣಿಗೆ ಓಣಿಯೇ ಕೆಮ್ಮುತ್ತಿತ್ತು. ಕೆಮ್ಮದವನು ಕಂಡರೆ ಹೊಸಬ ಎಂದು ತಿಳಿಯುತ್ತಿದ್ದೆವು. ಅವ್ವನ ತಂಗಿಯಾದ ಚಿಗವ್ವ ಬೆಳಗಿನಿಂದ ಸಂಜೆಯವರೆಗೆ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

ಬಾಗಿಲು ತಳ್ಳುವುದು ಮೊಣಕೈಯಿಂದ, ನಮ್ಮನ್ನು ಎಬ್ಬಿಸುವುದು ಮೊಣಕೈಯಿಂದ, ಮುದ್ದು ಮಾಡುವುದೂ ಅದರಿಂದಲೇ! ಆ ಮುದ್ದಿಗೆ ಪಕ್ಕೆಲುಬು ಎರಡು ದಿನ ನೋಯುತ್ತಿತ್ತು. ತನ್ನ ಮಗಳ ಮದುವೆಯಲ್ಲಿ ಬೀಗಿತಿಗೆ ಕಡ್ಡಿಯ ತುದಿಯಿಂದ ಕುಂಕುಮ ಹಚ್ಚಿದಳು.

"ಯಾಕ್ರೀ, ನಾ ಏನ್ ಮೈಲಿಗಿ ಏನ್ರೀ?" ಎಂದು ಆಕೆ ಸಿಡುಕಿದಳು.

"ಹಂಗಲ್ರೀ ಯವ್ವಾ, ನನ್ನ ಬೆರಳಾಗ ಒಂದ್ ಚೀಲ ಖಾರ ಐತ್ರಿ!"

ಈ ಹುಚ್ಚಿನ ಮೂಲ ನಾನೇ ಎಂದು ಅವ್ವ ಒಮ್ಮೆ ಹೇಳಿದಳು. ಆಗ ನಾನು ಎರಡು ವರ್ಷದ ಕೂಸು. ಅಳುತ್ತಿದ್ದೆ. ಕೆಲಸದಿಂದ ಬಂದ ಚಿಗವ್ವ ಅದೇ ಕೈಯಿಂದ ಕಣ್ಣೊರೆಸಿಬಿಟ್ಟಳಂತೆ. ಇಡೀ ದಿನ ನಾನು ಕಣ್ಣು ತೆರೆಯಲಿಲ್ಲ. ಕುರುಡಾದೆನೆಂದೇ ತಿಳಿದು ಅವಳು ಅನ್ನ ಬಿಟ್ಟಳಂತೆ. ಅಂದಿನಿಂದ ಯಾರನ್ನೂ ಅಂಗೈಯಿಂದ ಮುಟ್ಟಲಿಲ್ಲ.

ಖಾರದ ಧೂಳಿಗೆ ಎದೆ ಸೋತು ಕೆಲಸ ಬಿಟ್ಟಳು. ವರ್ಷ ಕಳೆದ ಮೇಲೆ ನನ್ನ ಮಗಳು ಹುಟ್ಟಿದಳು. ನೋಡಲು ಬಂದ ಚಿಗವ್ವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರವೇ ಕುಳಿತಳು.

"ಎತ್ಗೋ ಚಿಗವ್ವಾ. ಮೆಣಸಿನಕಾಯಿ ಮುಟ್ಟಿ ವರ್ಷಾತು."

"ಬ್ಯಾಡೋ. ಇನ್ನೊಂದೀಟು ದಿನ ಹೋಗ್ಲಿ."

ಎತ್ತಿಕೊಳ್ಳುವ ಆಸೆ ಎಷ್ಟಿತ್ತೆಂದು ಅವಳ ಮುಖವೇ ಹೇಳುತ್ತಿತ್ತು.

ಮಗಳಿಗೆ ಮೂರು ತಿಂಗಳಾಗುವಷ್ಟರಲ್ಲಿ ಚಿಗವ್ವ ಹಾವೇರಿಯ ಆಸ್ಪತ್ರೆ ಸೇರಿದಳು. ಉಸಿರಿಗೆ ಒದ್ದಾಡುತ್ತಿದ್ದವಳ ಕೈ ಹಿಡಿದೆ.

"ಬಿಡೋ, ಉರೀತೈತಿ."

ಆ ಅಂಗೈಯನ್ನು ನನ್ನ ಎರಡೂ ಕಣ್ಣಿಗೆ ಒತ್ತಿಕೊಂಡೆ. "ನೋಡು, ಒಂಚೂರೂ ಉರಿಯಂಗಿಲ್ಲ."

"ಖರೇ? ಮತ್ತ ನೀರ್ಯಾಕ ಬಂತು?"

ಹಾಗೆನ್ನುತ್ತಲೇ ಹೆದರಿ ಹೆದರಿ ನನ್ನ ಕಣ್ಣೊರೆಸಿದಳು. ಆಮೇಲೆ ಬೆರಳುಗಳನ್ನು ತಿರುಗಿಸಿ ನೋಡಿಕೊಂಡು, "ನಾಳಿ ಕೂಸಿನ್ನ ಕರ್ಕೊಂಡು ಬಾ. ಎತ್ಗೋತೀನಿ," ಎಂದಳು.

ಬೆಳಗಾಗುವ ತನಕ ಅವಳ ಉಸಿರು ಕಾಯಲಿಲ್ಲ. ಈಗಲೂ ಮಗಳನ್ನು ಎತ್ತುವ ಮೊದಲು ನನ್ನ ಅಂಗೈ ನೋಡಿಕೊಳ್ಳುತ್ತೇನೆ.