ಅಪ್ಪನ ಅಪೀಲು, ಪೈಲ್ವಾನನ ಪೆಟ್ಟು

ಪೈಲ್ವಾನನ ಶಿಕ್ಷೆ ಕಡಿಮೆ ಮಾಡಿಸಲು ನಮ್ಮ ತಂದೆ ಮೂರು ತಾಸು ವಾದಿಸಿದರಂತೆ. ಕೇಳುತ್ತ ಕೇಳುತ್ತ ಜಡ್ಜ್ ಸಾಹೇಬರು ಕಣ್ಣು ಒರೆಸಿಕೊಂಡರಂತೆ. ರಾಣೇಬೆನ್ನೂರಿನ ನಮ್ಮ ಮನೆಯಲ್ಲಿ ಸೋದರತ್ತೆ ಇದನ್ನು ಹಬ್ಬಕ್ಕೊಮ್ಮೆ ಹೆಮ್ಮೆಯಿಂದ ಹೇಳುತ್ತಿದ್ದರು. ಅಷ್ಟು ಹೊತ್ತು ಕೂತ ಜಡ್ಜರು ಊಟ ಯಾವಾಗ ಮಾಡಿದರು ಎಂಬ ಸಂಶಯ ನನಗೆ ಮೂರನೆಯ ಇಯತ್ತೆಯಲ್ಲೇ ಇತ್ತು. ವಕೀಲರ ಮನೆಗಳಲ್ಲಿ ಇಂಥ ಕತೆಗಳು ಹುಟ್ಟುತ್ತಲೇ ಇರುತ್ತವೆ. ಕಾನೂನು ಓದಿ ತಂದೆಯ ಆಫೀಸಿಗೇ ಸೇರಿದ ಮೇಲೆ ಇದೊಂದನ್ನು ಬಲ್ಲವರಲ್ಲೇ ವಿಚಾರಿಸಿದೆ.

೧. ಎಮ್ಮೆ

ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಪೈಲ್ವಾನ ಕಣದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ದಾಯಾದಿಯ ಎಮ್ಮೆ ತುಳಿಯಿತು. ಪೈಲ್ವಾನ ಎಮ್ಮೆಯನ್ನು ಬಿಟ್ಟು ದಾಯಾದಿಗೆ ಒಂದೇ ಏಟು ಕೊಟ್ಟ. ಎರಡು ಹಲ್ಲು ಹೋದವು. ಕೆಳಗಿನ ಕೋರ್ಟು ಆರು ತಿಂಗಳ ಸಜೆ ವಿಧಿಸಿತು. ಊರೇ ಸಾಕ್ಷಿಯಿದ್ದುದರಿಂದ ತಂದೆ ತಪ್ಪನ್ನು ಅಲ್ಲಗಳೆಯದೆ, ಶಿಕ್ಷೆ ಅತಿಯಾಯಿತು ಎಂದಷ್ಟೇ ಅಪೀಲು ಹಾಕಿದರು.

ಪೈಲ್ವಾನನಿಗೆ ಸಮಾಧಾನ. ‘ಛಲೋ ಆತ್ರಿ ವಕೀಲ್ರ. ಹೊಡದೇ ಇಲ್ಲ ಅಂತ ಬರದಿದ್ರ ಗರಡಿಮನ್ಯಾಗ ನನ್ನ ಮಾನ ಏನ್ ಉಳೀತಿತ್ರಿ?’

೨. ಕಣ್ಣೀರು

ಅಪೀಲಿನ ದಿನ ಕೋರ್ಟಿನಲ್ಲಿದ್ದವರು ನಮ್ಮ ಆಫೀಸಿನ ಹಳೆಯ ಕಾರಕೂನರು.

‘ಮೂರು ತಾಸು? ಹತ್ತು ಮಿನಿಟು ಆಗಿದ್ರ ಹೆಚ್ಚು ಬಿಡವಾ’ ಎಂದರು.

‘ಮತ್ತ ಆ ಕಣ್ಣೀರು, ಕಾಕಾ?’

‘ಅದು ಖರೇನ. ಪೈಲ್ವಾನನ ಮಂದಿ ಮೆಣಸಿನಕಾಯಿ ಪ್ಯಾಟಿಯಿಂದ ಸೀದಾ ಬಂದಿದ್ರು. ಫ್ಯಾನಿನ ಕೆಳಗ ನಿಂತು ಟವೆಲ್ ಝಾಡಿಸಿದ್ರು. ಜಡ್ಜ್ ಸಾಹೇಬ್ರಷ್ಟ ಅಲ್ಲ, ಸರಕಾರಿ ವಕೀಲ್ರೂ ಅತ್ರು!’

ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದ್ದರಿಂದ ಈ ಮಾತನ್ನೂ ನಾನು ಅರ್ಧವೇ ನಂಬಿದ್ದೇನೆ.

೩. ಹಗುರವಾದ ಏಟು

ಏಟು ಸಿಟ್ಟಿನ ಭರದಲ್ಲಿ ಬಿದ್ದದ್ದು, ಅದೂ ಬಹಳ ಹಗುರವಾದದ್ದು ಎಂದು ತಂದೆ ವಾದ ಆರಂಭಿಸಿದ್ದರು. ಹಿಂದಿನಿಂದ ಪೈಲ್ವಾನ ಧಡಕ್ಕನೆ ಎದ್ದು ನಿಂತ.

‘ಹಗೂರ ಅಂತೀರೇನ್ರಿ? ಎಡಗೈಲೆ ಕೊಟ್ಟೇನ್ರೀ, ಎಡಗೈಲೆ!’

ಆರು ತಿಂಗಳು ಖಾಯಂ ಆಯಿತೆಂದು ತಂದೆ ಹಣೆಗೆ ಕೈಹಚ್ಚಿ ಕುಳಿತರಂತೆ. ಜಡ್ಜರು ಮಾತ್ರ ಪೈಲ್ವಾನನ ಎಡಗೈಯನ್ನು ನೋಡಿ ಏನೋ ಬರೆದುಕೊಂಡರಂತೆ.

ಬರೆದುಕೊಂಡದ್ದು ಏನೆಂದು ತೀರ್ಪಿನ ಪ್ರತಿ ತೆಗೆದು ಓದಿದೆ. ‘ಆರೋಪಿಯು ಪೈಲ್ವಾನನಾಗಿದ್ದೂ ಎಡಗೈಯನ್ನು ಮಾತ್ರ ಬಳಸಿ ಸಂಯಮ ತೋರಿರುವುದರಿಂದ’ ಆರು ತಿಂಗಳ ಸಜೆ ರದ್ದಾಗಿ, ಕೊಂಚ ದಂಡದೊಡನೆ ಆ ಸಂಜೆ ಕೋರ್ಟು ಏಳುವವರೆಗೆ ಕೂತಿರುವ ಶಿಕ್ಷೆಯಾಗಿತ್ತು. ತಂದೆಯ ಪಾಲಿಗೆ ಇದ್ದದ್ದು ಒಂದೇ ಸಾಲು: ‘ವಕೀಲರ ವಾದವನ್ನು ಕೇಳಲಾಯಿತು.’ ಆ ಸಾಲಿನ ಕೆಳಗೆ ತಂದೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು.

೪. ಸಹಿ

ನಾನು ಆ ತೀರ್ಪು ಓದಿದ ಕೆಲವು ವರ್ಷಗಳ ನಂತರ ಹೊಲದ ಹದ್ದುಬಸ್ತಿನ ತಕರಾರಿಗೆಂದು ಪೈಲ್ವಾನ ನಮ್ಮ ಆಫೀಸಿಗೆ ಬಂದ. ಮೀಸೆ ಬೆಳ್ಳಗಾಗಿತ್ತು, ಎದೆ ಇಳಿದಿರಲಿಲ್ಲ. ವಕಾಲತ್ತು ಮುಂದಿಟ್ಟೆ. ಪೆನ್ನು ತೆಗೆದುಕೊಂಡು, ಮುತ್ತು ಪೋಣಿಸಿದ ಹಾಗೆ ಸಹಿ ಮಾಡಿದ. ನಾನು ಸಹಿಯನ್ನು ನೋಡಲಿಲ್ಲ, ಕೈ ನೋಡಿದೆ.

‘ಪೈಲ್ವಾನ್ರ, ನೀವು ಎಡಚರೇನ್ರಿ?’

‘ಹುಟ್ಟಾ ಎಡಚ್ರೀ ಅಕ್ಕಾರ’ ಎಂದ ಪೈಲ್ವಾನ, ಎದೆ ಇನ್ನಷ್ಟು ಉಬ್ಬಿಸಿ. ‘ಬಲಗೈಲೆ ಹೊಡದ್ರ ಸೊಳ್ಳೀನೂ ಸಾಯಂಗಿಲ್ರಿ.’